ಯಾರದೋ ಕ್ಯಾಮೆರಾ, ಯಾರದೋ ಮುಖ: ಕಪ್ಪು ಡಯಾಸ್ಪೊರಾದ ಸಾಕ್ಷ್ಯಚಿತ್ರ ಕಟ್ಟುವ ಬಗೆ

ಬ್ರಿಟನ್ನಿನ ಕಪ್ಪು ಜನರ ಕುರಿತ ಸಾಕ್ಷ್ಯಚಿತ್ರ ಹಾಕಿ ಕೂತರೆ ಒಂದು ತುಣುಕು ಹೆಚ್ಚುಕಮ್ಮಿ ಬಂದೇ ಬರುತ್ತದೆ. 1948ರ ಜೂನ್, ಟಿಲ್ಬರಿ ಬಂದರು, ಕೆರಿಬಿಯನ್ ಕಡೆಯಿಂದ ಬಂದ ಎಂಪೈರ್ ವಿಂಡ್‌ರಶ್ ಹಡಗು. ಟ್ರಿನಿಡಾಡಿನ ಕ್ಯಾಲಿಪ್ಸೊ ಗಾಯಕ ಲಾರ್ಡ್ ಕಿಚನರ್ ಪಾಥೆ ವಾರ್ತಾಚಿತ್ರದವರ ಮುಂದೆ ನಿಂತು ಲಂಡನ್ನನ್ನು ಹೊಗಳಿ ಹಾಡುತ್ತಾನೆ. ಚಂದದ ತುಣುಕೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರನ್ನು ಮಾತಾಡಿಸಬೇಕು, ಎಷ್ಟು ಹೊತ್ತು ಮಾತಾಡಿಸಬೇಕು, ಎಲ್ಲಿಗೆ ಕತ್ತರಿ ಹಾಕಬೇಕು ಎಂದು ತೀರ್ಮಾನಿಸಿದ್ದು ಪಾಥೆ. ಅದನ್ನೇ ತಿರುಗಿಸಿ ಮುರುಗಿಸಿ ಬಳಸಿ ಈಗ ಅದು ಗೋಡೆಗೆ ಅಂಟಿಸಿದ ಕಾಗದದಂತಾಗಿದೆ. ಕಣ್ಣಿಗೆ ಬೀಳುತ್ತದೆ, ಯಾರೂ ನೋಡುವುದಿಲ್ಲ.

ಫ್ರೆಂಚ್ ಆಡಳಿತದ ಆಫ್ರಿಕಾದಲ್ಲಂತೂ ಕ್ಯಾಮೆರಾ ಯಾರ ಹಿಡಿತದಲ್ಲಿರಬೇಕು ಎಂಬುದು ಕಾನೂನೇ ಆಗಿತ್ತು. ವಸಾಹತುಗಳಲ್ಲಿ ಚಿತ್ರ ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕೆಂದು 1934ರಲ್ಲಿ ಪಿಯೇರ್ ಲಾವಾಲ್ ಹೆಸರಿನ ಆದೇಶ ಹೊರಟಿತು. ಪ್ಯಾರಿಸ್ಸಿನ ಚಿತ್ರಶಾಲೆಯಲ್ಲಿ ಕಲಿತ ಪೌಲಿನ್ ಸುಮಾನು ವಿಯೆರಾ ಮತ್ತು ಗೆಳೆಯರಿಗೆ ಆಫ್ರಿಕಾದಲ್ಲಿ ಚಿತ್ರ ತೆಗೆಯಲು ಅನುಮತಿ ಸಿಗಲಿಲ್ಲ. ಅವರು ಪ್ಯಾರಿಸ್ಸಿನಲ್ಲೇ ಇದ್ದ ಆಫ್ರಿಕನ್ನರ ಮೇಲೆ ಕ್ಯಾಮೆರಾ ಇಟ್ಟು 1955ರಲ್ಲಿ ‘ಆಫ್ರಿಕ್ ಸುರ್ ಸೇನ್’ ಮಾಡಿದರು. ತಾಯ್ನೆಲದಲ್ಲಿ ಕ್ಯಾಮೆರಾ ಎತ್ತಲಾಗದೆ, ಅಲ್ಲಿಂದ ಚದುರಿಹೋದವರ ನಡುವೆ, ಅಂದರೆ ಡಯಾಸ್ಪೊರಾದಲ್ಲಿ ಎತ್ತಿದ್ದು ಹೀಗೆ.

ಆದ್ದರಿಂದ ಈ ವಿಷಯಕ್ಕೆ ಕೈಹಾಕುವವರಿಗೆ ಮೊದಲ ಕೆಲಸ ಶೂಟಿಂಗ್ ಅಲ್ಲ. ಇನ್ಯಾರೋ ತಮ್ಮ ಉದ್ದೇಶಕ್ಕೆ ತೆಗೆದಿಟ್ಟ ಚಿತ್ರ, ಬರೆದಿಟ್ಟ ಕಾಗದಗಳನ್ನು ಏನು ಮಾಡುವುದು ಎಂಬುದು ಮೊದಲು ಇತ್ಯರ್ಥವಾಗಬೇಕು. ನನ್ನ ಅಭಿಪ್ರಾಯ ನೇರವಾಗಿದೆ. ದಾಖಲೆಯಲ್ಲಿರುವ ಅಂತರಗಳನ್ನು ಸಂಗೀತ, ಮರುನಟನೆ, ಬಣ್ಣ ಹಾಕಿ ಮುಚ್ಚಿದ ಚಿತ್ರ ಎಷ್ಟೇ ಕಣ್ಣೀರು ತರಿಸಿದರೂ ಅಸ್ಮಿತೆಯನ್ನು ಕಟ್ಟುವುದಿಲ್ಲ. ಎಲ್ಲಿ ದಾಖಲೆ ನಿಲ್ಲುತ್ತದೆ, ಎಲ್ಲಿಂದ ಊಹೆ ಶುರುವಾಗುತ್ತದೆ ಎಂಬುದು ತೆರೆಯ ಮೇಲೇ ಕಾಣಬೇಕು.

ಇದನ್ನು ಮಾಡಿ ತೋರಿಸಿದವರಲ್ಲಿ ಲಂಡನ್ನಿನ ಬ್ಲ್ಯಾಕ್ ಆಡಿಯೊ ಫಿಲ್ಮ್ ಕಲೆಕ್ಟಿವ್ ದೊಡ್ಡ ಹೆಸರು. 1982ರಲ್ಲಿ ಹುಟ್ಟಿದ ಗುಂಪು. ಜಾನ್ ಅಕೊಂಫ್ರಾ, ಲೀನಾ ಗೋಪಾಲ್, ರೀಸ್ ಒಗೀಸ್ಟ್, ಎಡ್ವರ್ಡ್ ಜಾರ್ಜ್, ಏವ್ರಿಲ್ ಜಾನ್ಸನ್, ಶಬ್ದದ ಕೆಲಸಕ್ಕೆ ಟ್ರೆವರ್ ಮ್ಯಾಥಿಸನ್. ಅದೇ ವರ್ಷ ಚಾನೆಲ್ 4 ಟಿವಿ ವಾಹಿನಿ ಶುರುವಾಯಿತು. ಚಿತ್ರರಂಗದ ಕಾರ್ಮಿಕ ಸಂಘ ಒಪ್ಪಿದ ವರ್ಕ್‌ಶಾಪ್ ಘೋಷಣೆಯಿಂದಾಗಿ ಇಂಥ ಗುಂಪುಗಳು ಸಂಬಳ ಪಡೆದು ವರ್ಷವಿಡೀ ಕೆಲಸ ಮಾಡುವಂತಾಯಿತು. ಈ ಹಣದ ಏರ್ಪಾಡನ್ನು ಬಿಟ್ಟು ಬರೀ ಸೃಜನಶೀಲತೆಯನ್ನು ಕೊಂಡಾಡುವವರು ಅರ್ಧ ಕಥೆ ಮಾತ್ರ ಹೇಳುತ್ತಾರೆ. ತಿಂಗಳುಗಟ್ಟಲೆ ಹಳೆಯ ದಾಖಲೆಗಳ ಆರ್ಕೈವ್‌ನಲ್ಲಿ ಕೂರಲು ಯಾರಾದರೂ ಸಂಬಳ ಕೊಡಬೇಕಲ್ಲ!

1985ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಬಡಾವಣೆಯಲ್ಲಿ, ಅಕ್ಟೋಬರ್‌ನಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮಿನಲ್ಲಿ ಗಲಭೆ ನಡೆದವು. ಮರುವರ್ಷ ಬಂದ ಅವರ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ ಸುಮಾರು ಒಂದು ಗಂಟೆಯ ಚಿತ್ರ. ಅದರಲ್ಲಿ ಒಬ್ಬ ಯುವಕ ಪೊಲೀಸರ ಕೈಗೆ ಸಿಗದೆ ಓಡುವ, ಕಡೆಗೆ ಅವರು ಅವನನ್ನು ಬೀಳಿಸಿ ಹಿಡಿಯುವ ದೃಶ್ಯವಿದೆ. ವಾರ್ತೆಯಲ್ಲಿ ಇಂಥದ್ದು ಕೆಲವೇ ಸೆಕೆಂಡಿನ ‘ಗಲಭೆ’. ಇಲ್ಲಿ ಅದು ನಿಧಾನವಾಗುತ್ತದೆ, ವಾರ್ತೆಯ ನಿರೂಪಕನ ದನಿ ಇರುವುದಿಲ್ಲ. ಆಗ ಗಲಭೆಯ ಬದಲು ಒಬ್ಬ ಮನುಷ್ಯ ಕಾಣಿಸುತ್ತಾನೆ, ಅವನ ಸುತ್ತ ಎಷ್ಟು ಜನ ಸಮವಸ್ತ್ರದವರಿದ್ದಾರೆ ಎಂಬುದೂ ಕಾಣಿಸುತ್ತದೆ. ಇನ್ನೊಂದೆಡೆ ಹಳೆಯ ಫೋಟೊಗಳನ್ನು ಕತ್ತಲೆಯ ಸ್ಟುಡಿಯೊದಲ್ಲಿ ನಿಲ್ಲಿಸಿ ಅವುಗಳ ನಡುವೆ ಕ್ಯಾಮೆರಾ ಸರಿಯುತ್ತದೆ. ಫೋಟೊ ಒಂದು ವಸ್ತು, ಅದನ್ನು ಯಾರೋ ತೆಗೆದು ಯಾರೋ ಇಟ್ಟುಕೊಂಡಿದ್ದರು ಎಂಬುದನ್ನು ನಿರೂಪಣೆಯ ಒಂದು ಮಾತೂ ಇಲ್ಲದೆ ಹೇಳುವ ಬಗೆ ಇದು. ಫೋಟೊವನ್ನು ಸ್ಕ್ಯಾನ್ ಮಾಡಿ ಪರದೆ ತುಂಬ ಹಾಕಿ ಮೆಲ್ಲಗೆ ಜೂಮ್ ಮಾಡುವ ಈಗಿನ ರೂಢಿಯಲ್ಲಿ ಇದು ಸಿಗುವುದಿಲ್ಲ.

ಈ ದಾರಿಯಲ್ಲಿ ಹೋಗುವವರು ಫುಟೇಜ್ ಪಟ್ಟಿಯನ್ನೇ ಬೇರೆ ಥರ ಮಾಡಿಕೊಳ್ಳಬೇಕು. ಟೈಮ್‌ಕೋಡ್, ತಾರೀಖು, ಊರು, ಮೂಲ ಇವು ಹೇಗೂ ಇರುತ್ತವೆ. ಇನ್ನು ನಾಲ್ಕು ಕಾಲಂ ಸೇರಿಸಿ. ಕ್ಯಾಮೆರಾ ಎಲ್ಲಿ ನಿಂತಿತ್ತು? ಅದಕ್ಕೆ ಸಂಬಳ ಕೊಟ್ಟವರು ಯಾರು? ಚಿತ್ರದಲ್ಲಿರುವವರಲ್ಲಿ ಯಾರಾದರೂ ಲೆನ್ಸ್ ಕಡೆ ನೋಡುತ್ತಿದ್ದಾರೆಯೇ? ಶಬ್ದ ಅಲ್ಲಿಯದೇ, ಆಮೇಲೆ ಸೇರಿಸಿದ್ದೇ? ಗಲಭೆಯ ಫುಟೇಜಿನಲ್ಲಿ ಮೊದಲ ಕಾಲಂ ತುಂಬುತ್ತಾ ಹೋದರೆ ಸಾಲುಸಾಲಾಗಿ ‘ಪೊಲೀಸ್ ಸಾಲಿನ ಹಿಂದೆ’ ಎಂದೇ ಬರುತ್ತದೆ, ಏಕೆಂದರೆ ಸುದ್ದಿಯವರಿಗೆ ಸುರಕ್ಷಿತ ಜಾಗ ಅದೇ. ಕಲ್ಲುಗಳೆಲ್ಲ ನೋಡುಗನ ಕಡೆಗೇ ಹಾರಿಬರುತ್ತವೆ. ಎದುರು ಕಡೆಯಿಂದ ತೆಗೆದ ಒಂದೇ ಒಂದು ಶಾಟ್ ಸಿಕ್ಕಿದರೂ ಇಡೀ ಸೀಕ್ವೆನ್ಸಿನ ಅರ್ಥ ಬದಲಾಗುತ್ತದೆ. ಸಿಗದಿದ್ದರೆ ಸಿಗಲಿಲ್ಲವೆಂದು ಗೊತ್ತಾಗುವಂತೆ ಕತ್ತರಿಸಬೇಕು.

ಶಬ್ದದ ಕಾಲಂ ಇನ್ನೂ ಮುಖ್ಯ. ಹಳೆಯ ವಾರ್ತಾಚಿತ್ರಗಳಲ್ಲಿ ಬಹುಪಾಲು ಮೂಕವಾಗಿ ತೆಗೆದವು. ಜನಜಂಗುಳಿಯ ಗದ್ದಲ, ಹಡಗಿನ ಕೂಗು ಎಲ್ಲ ಸ್ಟುಡಿಯೊದ ಲೈಬ್ರರಿಯಿಂದ ಬಂದಿರುತ್ತವೆ. ಅದನ್ನು ‘ಆ ಕಾಲದ ದನಿ’ ಎಂದು ನಂಬಿ ಬಳಸಿದರೆ ಎಡವಿದಂತೆಯೇ. ಸಂಕಲನಕ್ಕೆ ಕೂತಾಗ ಮೊದಲ ಸುತ್ತಿನಲ್ಲಿ ಎಲ್ಲ ಆರ್ಕೈವ್ ಶಬ್ದವನ್ನೂ ಮ್ಯೂಟ್ ಮಾಡಿ ನೋಡುವುದು ಒಳ್ಳೆಯದು. ನಿರೂಪಕನ ದನಿ ಹೋದ ಕೂಡಲೇ ಎಷ್ಟು ಶಾಟ್‌ಗಳು ಬೇರೆಯೇ ಕಥೆ ಹೇಳತೊಡಗುತ್ತವೆ! ಮ್ಯಾಥಿಸನ್ ಈ ಖಾಲಿ ಜಾಗವನ್ನು ಜಮೈಕಾದ ಡಬ್ ರೆಗ್ಗೆ ಸಂಗೀತದ ಪ್ರತಿಧ್ವನಿ, ಕಾರ್ಖಾನೆಯಂಥ ಗುಂಯ್‌ಗುಡುವ ಸದ್ದುಗಳಿಂದ ಕಟ್ಟಿದ್ದಾರೆ. ಭಾವಗೀತೆಯ ಪಿಯಾನೊ ಅಲ್ಲ.

ನಿಧಾನಗೊಳಿಸುವುದರಲ್ಲೂ ಎಚ್ಚರ ಬೇಕು. ಫಿಲ್ಮ್ ಕಾಲದಲ್ಲಿ ಆಪ್ಟಿಕಲ್ ಪ್ರಿಂಟರಿನಲ್ಲಿ ಒಂದೊಂದು ಫ್ರೇಮನ್ನು ಎರಡೆರಡು, ಮೂರು ಮೂರು ಸಲ ಮುದ್ರಿಸುತ್ತಿದ್ದರು. ಚಲನೆ ತಡವರಿಸುತ್ತಿತ್ತು, ಆದರೆ ತೆರೆಯ ಮೇಲಿನ ಪ್ರತಿಯೊಂದು ಫ್ರೇಮೂ ನಿಜವಾಗಿ ಕ್ಯಾಮೆರಾ ಕಂಡದ್ದು. ಈಗಿನ ಸಾಫ್ಟ್‌ವೇರಿನ ಆಪ್ಟಿಕಲ್ ಫ್ಲೋ ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮನ್ನು ತಾನೇ ಹುಟ್ಟಿಸುತ್ತದೆ. ಓಡುವವನ ಕೈಕಾಲಿನ ಅಂಚು ಕರಗಿದಂತೆ ಕಾಣುವುದು ಅದರಿಂದಲೇ. ಕೃತಕ ಬುದ್ಧಿಮತ್ತೆಯಿಂದ ಹಳೆಯ ಮಸುಕು ಚಿತ್ರವನ್ನು 4ಕೆಗೆ ಏರಿಸಿದರಂತೂ ಇಪ್ಪತ್ತು ಪಿಕ್ಸೆಲ್ಲಿನ ಮುಖಕ್ಕೆ ಯಂತ್ರ ತನಗೆ ಗೊತ್ತಿರುವ ಮುಖಗಳಿಂದ ಕಣ್ಣು ಮೂಗು ತಂದು ಅಂಟಿಸುತ್ತದೆ. ಯಾರದೋ ಅಜ್ಜಿಗೆ ಯಾರದೋ ಮುಖ. ಈ ವಿಷಯದ ಚಿತ್ರದಲ್ಲಿ ಅದಕ್ಕಿಂತ ದೊಡ್ಡ ಅಪಚಾರ ಬೇರಿಲ್ಲ. ಎರಡು ಫ್ರೇಮುಗಳನ್ನು ಬೆರೆಸುವ ಫ್ರೇಮ್ ಬ್ಲೆಂಡ್ ಕೂಡ ಬಿಟ್ಟು, ಫ್ರೇಮ್ ಪುನರಾವರ್ತನೆಯಷ್ಟನ್ನೇ ಬಳಸಿ.

‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ ಎಲ್ಲರಿಗೂ ಹಿಡಿಸಲಿಲ್ಲ. ಅಲ್ಲಿನ ಜನರ ಮಾತೇ ಕೇಳಿಸುವುದಿಲ್ಲ ಎಂಬ ಧಾಟಿಯಲ್ಲಿ ಸಲ್ಮಾನ್ ರಶ್ದಿ 1987ರ ಜನವರಿಯಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಟೀಕಿಸಿದರು. ಹೊಸ ಭಾಷೆ ಹುಡುಕುವ ಪ್ರಯತ್ನವನ್ನು ಗುರುತಿಸಿ ಎಂದು ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಉತ್ತರ ಬರೆದರು. ನನಗೆ ಹಾಲ್ ಹೇಳಿದ್ದೇ ಸರಿ ಅನ್ನಿಸುತ್ತದೆ, ಆದರೂ ರಶ್ದಿಯ ದೂರು ಸಂಕಲನದ ಮೇಜಿನ ಮೇಲೆ ಇರಬೇಕಾದದ್ದೇ. ಇನ್ನೊಂದು ತುದಿಯಲ್ಲಿ ಸೆಡ್ಡೊ ವರ್ಕ್‌ಶಾಪಿನ ‘ದ ಪೀಪಲ್ಸ್ ಅಕೌಂಟ್’ ಇತ್ತು. ಟಾಟೆನ್‌ಹ್ಯಾಮ್ ಗಲಭೆಯನ್ನು ಅಲ್ಲಿನವರ ಬಾಯಲ್ಲೇ ಹೇಳಿಸಿದ ಚಿತ್ರ. ಪೊಲೀಸರ ಬಗೆಗಿನ ಮಾತು ಬದಲಿಸಿ ಎಂದು ಪ್ರಸಾರ ನಿಯಂತ್ರಣ ಸಂಸ್ಥೆ ಹೇಳಿತು, ಗುಂಪು ಒಪ್ಪಲಿಲ್ಲ, ಚಿತ್ರ ಚಾನೆಲ್ 4ರಲ್ಲಿ ಪ್ರಸಾರವಾಗಲೇ ಇಲ್ಲ.

ಸುದ್ದಿ ಕ್ಯಾಮೆರಾವನ್ನು ಬಿಟ್ಟು ಮನೆಯ ಕ್ಯಾಮೆರಾಕ್ಕೆ ಬಂದರೆ ಚಿತ್ರವೇ ಬೇರೆ. ಸಾಲೊಮನ್ ಸರ್ ಜೋನ್ಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1924ರಿಂದ 1928ರವರೆಗೆ ಒಕ್ಲಹೋಮದ ಕಪ್ಪು ಜನರ ಊರುಗಳನ್ನು 16 ಎಂಎಂ ಫಿಲ್ಮಿನಲ್ಲಿ ತೆಗೆದರು. 29 ಮೂಕ ಚಿತ್ರಗಳು ಯೇಲ್ ವಿಶ್ವವಿದ್ಯಾಲಯದಲ್ಲಿವೆ. 1921ರಲ್ಲಿ ಬಿಳಿಯರ ಗುಂಪು ಟಲ್ಸಾದ ಗ್ರೀನ್‌ವುಡ್ ಬಡಾವಣೆಯನ್ನು ಸುಟ್ಟುಹಾಕಿತ್ತು. ಕೆಲವೇ ವರ್ಷದಲ್ಲಿ ಅದೇ ನಾಡಿನ ಅಂಗಡಿ, ಶಾಲೆ, ಚರ್ಚಿನ ಮುಂದೆ ಜನ ಒಳ್ಳೆ ಬಟ್ಟೆ ತೊಟ್ಟು ನಡೆದುಬರುವುದನ್ನು ಇಲ್ಲಿ ನೋಡಬಹುದು. ಬಲಿಪಶುವಾಗಿ ಅಲ್ಲ, ಪ್ರತಿಭಟನಾಕಾರರಾಗಿಯೂ ಅಲ್ಲ, ಸುಮ್ಮನೆ ಭಾನುವಾರದ ಜನವಾಗಿ. ಷಿಕಾಗೊದಲ್ಲಿ ಜಾಕ್ವೆಲಿನ್ ಸ್ಟುವರ್ಟ್ 2005ರಲ್ಲಿ ಶುರುಮಾಡಿದ ಸೌತ್ ಸೈಡ್ ಹೋಮ್ ಮೂವಿ ಪ್ರಾಜೆಕ್ಟ್ ಇಂಥ ಮನೆಯ ರೀಲುಗಳನ್ನೇ ಸಂಗ್ರಹಿಸುತ್ತದೆ.

ಮನೆಯ ರೀಲುಗಳಲ್ಲಿ ಸಾಮಾನ್ಯವಾಗಿ ಕೆಡುವುದು ವೇಗ. ಆ ಕಾಲದ 16 ಎಂಎಂ ಮೂಕ ಚಿತ್ರವೂ ಸಾದಾ 8 ಎಂಎಂ ಕೂಡ ಸೆಕೆಂಡಿಗೆ 16 ಫ್ರೇಮ್, ಸೂಪರ್ 8 ಆದರೆ 18. 16ರದನ್ನು 24ರಲ್ಲಿ ಓಡಿಸಿದರೆ ಜನ ಒಂದೂವರೆ ಪಟ್ಟು ಬೇಗ ನಡೆಯುತ್ತಾರೆ, ಗೊಂಬೆಗಳಂತೆ ಕುಣಿಯುತ್ತಾರೆ. ನೋಡುವವರಿಗೆ ನಗು ಬರುತ್ತದೆ. ಕಪ್ಪು ಜನರನ್ನು ವೇದಿಕೆಯ ಮೇಲೆ ಕುಣಿಸಿ ನಕ್ಕ ಇತಿಹಾಸ ಬೆನ್ನಿಗಿರುವಾಗ ಇದು ಬರೀ ತಾಂತ್ರಿಕ ದೋಷವಲ್ಲ. ಲೆಕ್ಕ ಸುಲಭ: 100 ಅಡಿ 16 ಎಂಎಂ ಎಂದರೆ 4000 ಫ್ರೇಮ್, 16ರಂತೆ 4 ನಿಮಿಷ 10 ಸೆಕೆಂಡ್. ಕೈಗೆ ಬಂದ ಡಿಜಿಟಲ್ ಫೈಲು 2 ನಿಮಿಷ 47 ಸೆಕೆಂಡ್ ಇದ್ದರೆ ಯಾರೋ 24ಕ್ಕೆ ಓಡಿಸಿದ್ದಾರೆಂದು ಅರ್ಥ. ಸ್ಕ್ಯಾನ್ ಮಾಡುವವರಿಂದ ಒಂದು ಫ್ರೇಮಿಗೆ ಒಂದು ಚಿತ್ರದಂತೆ ಫೈಲು ಕೇಳಿ ಪಡೆಯಿರಿ, ವೇಗವನ್ನು ನೀವೇ ಸಂಕಲನದಲ್ಲಿ ಕೂರಿಸಿ.

ರೀಲು ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಪ್ರೊಜೆಕ್ಟರಿಗೆ ಹಾಕಲೇಬೇಡಿ, ಕುಗ್ಗಿದ ಫಿಲ್ಮಿನ ರಂಧ್ರಗಳು ಹಲ್ಲಿಗೆ ಸಿಕ್ಕಿ ಹರಿಯುತ್ತವೆ. ಹಲ್ಲಿನ ಚಕ್ರವಿಲ್ಲದ ಸ್ಕ್ಯಾನರ್ ಇರುವ ಲ್ಯಾಬಿಗೇ ಕೊಡಬೇಕು, ಚೌಕಟ್ಟಿನ ಹೊರಗಿನ ಅಂಚೂ ಬರುವಂತೆ ಓವರ್‌ಸ್ಕ್ಯಾನ್ ಮಾಡಿಸಬೇಕು. ಕೋಡ್ಯಾಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಗುರುತಿರುತ್ತದೆ. ಅದು ಫಿಲ್ಮ್ ತಯಾರಾದ ವರ್ಷ. ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮರಳುತ್ತದೆ, ಹಾಗಾಗಿ ಉಡುಪು, ಕಾರುಗಳ ಜೊತೆ ತಾಳೆ ನೋಡಿ ಕಾಲ ಗೊತ್ತುಮಾಡಬಹುದು. ಆಮೇಲೆ ಮನೆಯ ಹಿರಿಯರಿಗೆ ರೀಲು ತೋರಿಸುವಾಗ ಅವರ ಎದೆಗೆ ಮೈಕ್ ಸಿಕ್ಕಿಸಿ, ಮೊದಲ ಸಲ ಏನೂ ಕೇಳದೆ ಪೂರ್ತಿ ಓಡಿಸಿ. ಪ್ರಶ್ನೆಗಳು ಎರಡನೇ ಸಲಕ್ಕೆ. ಮೊದಲೇ ‘ಇವರು ಯಾರು’ ಎಂದರೆ ಹೆಸರಷ್ಟೇ ಸಿಗುತ್ತದೆ. ಸುಮ್ಮನಿದ್ದರೆ ಯಾವ ಮದುವೆ, ಯಾರ ಜೊತೆ ಮಾತು ಬಿಟ್ಟಿತ್ತು, ಆ ಮನೆ ಯಾಕೆ ಮಾರಿದರು ಎಲ್ಲ ತಾನಾಗಿ ಬರುತ್ತದೆ.

ಚಿತ್ರವೇ ಇಲ್ಲದ ಕಡೆ? ಅಲ್ವಾರೊ ತೋಪ್ಕೆ ಮತ್ತು ಆಂಖೆಲ್ ಸೆರಾನೊ ಅವರ ‘ದ ಲ್ಯಾಂಗ್ವೇಜ್ ಯು ಕ್ರೈ ಇನ್’ 1998ರದು. ಅದು ಒಂದು ಹಾಡಿನ ಬೆನ್ನುಹತ್ತಿದ ಚಿತ್ರ. ಭಾಷಾತಜ್ಞ ಲೊರೆಂಜೊ ಡೌ ಟರ್ನರ್ 1930ರ ದಶಕದ ಆರಂಭದಲ್ಲಿ ಜಾರ್ಜಿಯಾ ರಾಜ್ಯದ ಕರಾವಳಿಯ ಹ್ಯಾರಿಸ್ ನೆಕ್‌ನಲ್ಲಿ ಅಮೀಲಿಯಾ ಡಾಲಿ ಎಂಬಾಕೆಯಿಂದ ಒಂದು ಹಾಡು ಧ್ವನಿಮುದ್ರಿಸಿದರು. ನಾಲ್ಕೈದು ಸಾಲು. ಗುಲಾಮರಾಗಿ ಬಂದ ಆಫ್ರಿಕನ್ನರ ವಂಶದ ಗಲ್ಲಾ ಸಮುದಾಯದ ಆ ಮನೆಯವರಿಗೆ ಅರ್ಥ ಗೊತ್ತಿರಲಿಲ್ಲ, ತಾಯಿಯಿಂದ ಮಗಳಿಗೆ ಬಂದದ್ದು ಅಷ್ಟೇ. ಅದು ಸಿಯೆರ್ರಾ ಲಿಯೋನ್‌ನ ಮೆಂಡೆ ಭಾಷೆಯೆಂದು ಗೊತ್ತಾಯಿತು. ದಶಕಗಳ ನಂತರ ಮಾನವಶಾಸ್ತ್ರಜ್ಞ ಜೋಸೆಫ್ ಒಪಾಲಾ, ಸಂಗೀತತಜ್ಞೆ ಸಿಂಥಿಯಾ ಶ್ಮಿಟ್, ಮೆಂಡೆ ಭಾಷಾತಜ್ಞ ತಾಜಿಯೆಫ್ ಕೊರೋಮಾ ಆ ಧ್ವನಿಮುದ್ರಣ ಹಿಡಿದು ಹೊರಟರು. ಹಾಡಿನ ಒಂದು ಪದ ದೇಶದ ದಕ್ಷಿಣದ ಆಡುನುಡಿಯದು ಎಂದು ಕೊರೋಮಾ ಗುರುತಿಸಿದ್ದರಿಂದ ಹುಡುಕಾಟದ ಸುತ್ತಳತೆ ಕುಗ್ಗಿತು. ಹಳ್ಳಿಯಿಂದ ಹಳ್ಳಿಗೆ ಹಾಡು ಕೇಳಿಸುತ್ತಾ ಹೋದಾಗ ಸೆನೆಹುನ್ ಎನ್ಗೊಲಾ ಎಂಬಲ್ಲಿ ಬೆಂದು ಜಬಾಟಿ ಎಂಬಾಕೆ ಅದನ್ನು ಗುರುತಿಸಿ ಹಾಡಿದರು. ಸಮಾಧಿಯ ಬಳಿ ಹೆಂಗಸರು ನಡೆಸುತ್ತಿದ್ದ ಅಂತ್ಯಕ್ರಿಯೆಯ ಹಾಡು ಅದು, ಅವರಿಗೆ ಕಲಿಸಿದ್ದು ಅಜ್ಜಿ. ಅಂತರ್ಯುದ್ಧದಿಂದಾಗಿ ಭೇಟಿ ವರ್ಷಗಟ್ಟಲೆ ಮುಂದಕ್ಕೆ ಹೋಗಿ, 1997ರಲ್ಲಿ ಅಮೀಲಿಯಾ ಅವರ ಮಗಳು ಮೇರಿ ಮೊರಾನ್ ಅಲ್ಲಿಗೆ ಹೋದರು.

ಈ ಚಿತ್ರದ ಬಲ ಅದರ ಸರಪಳಿ. ಟರ್ನರ್ ಮುದ್ರಿಸಿದ ಹಳೆಯ ಧ್ವನಿ, ಭಾಷೆಯ ಗುರುತು, ಆಡುನುಡಿಯ ಗುರುತು, ಹಳ್ಳಿ, ಹಾಡುವವಳು. ಒಂದೊಂದು ಕೊಂಡಿಯನ್ನೂ ಬೇರೆ ಬೇರೆ ಜನ, ಬೇರೆ ಬೇರೆ ಪರಿಣತಿಯಿಂದ ಕಟ್ಟಿದ್ದಾರೆ, ಮತ್ತು ತೆರೆಯ ಮೇಲೆ ಅದೇ ಕ್ರಮದಲ್ಲಿ ಬರುತ್ತವೆ. ಮೂಲ ಹುಡುಕುವ ಚಿತ್ರಗಳಲ್ಲಿ ಬಹಳಷ್ಟು ಇಲ್ಲೇ ಜಾರುತ್ತವೆ: ಮೊದಲು ಊರು ತೀರ್ಮಾನಿಸಿ, ಆಮೇಲೆ ಅದಕ್ಕೆ ಹೊಂದುವ ಸಾಕ್ಷ್ಯ ಹುಡುಕುತ್ತಾರೆ. ಹಳ್ಳಿಯವರಿಗೆ ಹಾಡು ಕೇಳಿಸುವಾಗ ‘ಇದು ನಿಮ್ಮದಲ್ಲವೇ’ ಎಂದು ಕೇಳಿದರೆ ಅತಿಥಿಗೆ ಬೇಸರವಾಗದಿರಲಿ ಎಂದು ಹೌದು ಎನ್ನುತ್ತಾರೆ. ಸುಮ್ಮನೆ ಕೇಳಿಸಿ, ಅವರು ಮುಂದಿನ ಸಾಲನ್ನು ತಾವಾಗಿ ಹಾಡುತ್ತಾರೋ ನೋಡಬೇಕು. ಕ್ಯಾಮೆರಾ ಆ ಮೊದಲ ಸಲವೇ ಓಡುತ್ತಿರಬೇಕು, ಯಾಕೆಂದರೆ ಎರಡನೇ ಸಲದ ಗುರುತಿಸುವಿಕೆ ನಟನೆ.

ಕಾಗದದ ದಾರಿಯಲ್ಲಿ ಅಮೆರಿಕದವರಿಗೆ 1870ರ ಜನಗಣತಿಯೇ ಗೋಡೆ. ಹಿಂದಿನ ಗುಲಾಮರು ಮೊದಲ ಬಾರಿಗೆ ಹೆಸರು ಸಮೇತ ಬರುವುದು ಅದರಲ್ಲಿ. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಮಾಲೀಕನ ಹೆಸರು, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. ‘34, ಹೆಣ್ಣು, ಕಪ್ಪು’ ಎಂಬಂಥ ಸಾಲುಗಳು. ಇದನ್ನು ತೋರಿಸುವಾಗ ಇಡೀ ಹಾಳೆಯನ್ನು ಅಲಂಕಾರದಂತೆ ಹಾಯಿಸಬೇಡಿ. ಒಂದು ಸಾಲಿನ ಮೇಲೆ ಆರೇಳು ಸೆಕೆಂಡ್ ನಿಲ್ಲಿಸಿ, ನೋಡುವವರು ಹೆಸರು ಹುಡುಕಿ ಸೋಲಲಿ. ಗೋಡೆ ದಾಟಲು ಬಿಡುಗಡೆಯಾದ ಗುಲಾಮರಿಗಾಗಿ 1865ರಿಂದ 1872ರವರೆಗೆ ಇದ್ದ ಫ್ರೀಡ್‌ಮೆನ್ಸ್ ಬ್ಯೂರೊ ಕಡತಗಳು, ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳು, ಮಾಲೀಕರ ಉಯಿಲುಗಳಿವೆ. ಬ್ರಿಟಿಷ್ ಕೆರಿಬಿಯನ್ನಿಗೆ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದ ಟಿ 71 ಸರಣಿಯ ಗುಲಾಮರ ನೋಂದಣಿ ಪುಸ್ತಕಗಳು. ಡಿಎನ್‌ಎ ಪರೀಕ್ಷೆಯನ್ನು ಕ್ಲೈಮ್ಯಾಕ್ಸ್ ಮಾಡುವ ಚಟ ಮಾತ್ರ ಬಿಡಬೇಕು. ತಾಯಿಯ ಕಡೆಯ ಮೈಟೊಕಾಂಡ್ರಿಯಾ ಪರೀಕ್ಷೆ ಒಂದೇ ಒಂದು ಗೆರೆ ಹಿಡಿದು ಹಿಂದಕ್ಕೆ ಹೋಗುತ್ತದೆ. ಹತ್ತು ತಲೆಮಾರಿನ ಹಿಂದೆ ಲೆಕ್ಕಕ್ಕೆ 1024 ಪೂರ್ವಜರಲ್ಲಿ ಅದು ಒಬ್ಬಳು. ಅವಳ ಹೆಸರಿನಲ್ಲಿ ಒಂದು ಬುಡಕಟ್ಟಿನ ಪ್ರಮಾಣಪತ್ರ ಹಿಡಿದು ಅಳುವ ದೃಶ್ಯ ಉಳಿದ 1023 ಜನರನ್ನು ಅಳಿಸಿಹಾಕುತ್ತದೆ.

ಹಾಗೆಂದು ಕಾಗದವನ್ನೇ ಕಾಯುತ್ತಾ ಕೂರಬೇಕಿಲ್ಲ. 1860ರಲ್ಲಿ, ಗುಲಾಮರ ಆಮದು ನಿಷೇಧವಾಗಿ ಅರ್ಧ ಶತಮಾನ ಕಳೆದ ಮೇಲೆ, ಕ್ಲೊಟಿಲ್ಡಾ ಹಡಗು ಸುಮಾರು 110 ಜನರನ್ನು ಕದ್ದು ಅಲಬಾಮಕ್ಕೆ ತಂದಿತು. ಸಾಕ್ಷ್ಯ ನಾಶಕ್ಕೆ ಹಡಗನ್ನೇ ಸುಟ್ಟರು. ಅವರ ವಂಶದವರು ಆಫ್ರಿಕಾಟೌನ್‌ನಲ್ಲಿ ಆ ಕಥೆಯನ್ನು ಹೇಳುತ್ತಲೇ ಬಂದರು. ಹಡಗಿನ ಅವಶೇಷ ಖಚಿತವಾದದ್ದು 2019ರಲ್ಲಿ. ಲೇಖಕಿ ಝೋರಾ ನೀಲ್ ಹರ್ಸ್ಟನ್ ಆ ಹಡಗಿನಲ್ಲಿ ಬಂದಿದ್ದ ಕೊಸೊಲಾ ಅವರನ್ನು 1920ರ ದಶಕದ ಕೊನೆಯಲ್ಲೇ 16 ಎಂಎಂನಲ್ಲಿ ಸೆರೆಹಿಡಿದಿದ್ದರು. ಮರದ ತುಂಡು ಸಿಗುವ ಮುಂಚೆಯೇ ಜನರ ಮಾತು ಸರಿಯಾಗಿತ್ತು.

ಮಾತಾಡಿಸುವ ಬಗೆಗೆ ಎರಡು ಮಾದರಿ ಸಾಕು. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಕುರಿತ ಹೆನ್ರಿ ಹ್ಯಾಂಪ್ಟನ್ನರ ‘ಐಸ್ ಆನ್ ದ ಪ್ರೈಜ್’ ಸರಣಿಯಲ್ಲಿ ಇತಿಹಾಸಕಾರರು ತೆರೆಯ ಮೇಲೆ ಬಂದು ಅರ್ಥ ಹೇಳುವುದಿಲ್ಲ, ಸ್ಥಳದಲ್ಲಿ ಇದ್ದವರೇ ಮಾತಾಡುತ್ತಾರೆ. ವಿದ್ವಾಂಸರ ಕೆಲಸ ಶೂಟಿಂಗ್‌ಗೆ ಮುಂಚೆ, ತಂಡಕ್ಕೆ ಪಾಠ ಮಾಡುವುದು. ಅಮಾಂಡೀನ್ ಗೇ ಅವರ ‘ಉವ್ರೀರ್ ಲಾ ವಾ’ 2017ರಲ್ಲಿ ತೆರೆಗೆ ಬಂತು. ಫ್ರಾನ್ಸ್ ಮತ್ತು ಬೆಲ್ಜಿಯಂನ 24 ಕಪ್ಪು ಹೆಂಗಸರು, ಎರಡು ಗಂಟೆ, ಮುಖ ತುಂಬಿದ ಕ್ಲೋಸಪ್, ನಿರೂಪಣೆ ಇಲ್ಲ. ಇದು ಸಾಧ್ಯವಾಗುವುದು ಎಲ್ಲರಿಗೂ ಒಂದೇ ಪ್ರಶ್ನಾವಳಿ, ಒಂದೇ ಅಳತೆಯ ಫ್ರೇಮು ಇದ್ದರೆ ಮಾತ್ರ. ಆಗಲೇ ಒಬ್ಬಳು ಬಿಟ್ಟ ವಾಕ್ಯವನ್ನು ಇನ್ನೊಬ್ಬಳು ಎತ್ತಿಕೊಂಡಂತೆ ಕತ್ತರಿಸಬಹುದು.

ಆ ಮುಖಗಳಿಗೆ ಬೆಳಕು. ಕೋಡ್ಯಾಕ್ ಕಂಪನಿಯ ಬಣ್ಣ ಹೊಂದಿಸುವ ‘ಶರ್ಲಿ’ ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸರು. ಗಾಢ ಕಂದು ಸರಿಯಾಗಿ ಬರುವುದಿಲ್ಲವೆಂದು ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳಿದ್ದವು ಎಂದು ಸಂಶೋಧಕಿ ಲೋರ್ನಾ ರಾತ್ ಬರೆದಿದ್ದಾರೆ. ಜನಕ್ಕಿಂತ ಮೊದಲು ಮೇಜು ಕುರ್ಚಿ! ಈಗಿನ ಸೆನ್ಸರಿನಲ್ಲಿ ತೊಂದರೆ ಆಟೊ ಎಕ್ಸ್‌ಪೋಶರಿನದು. ಗಾಢ ಬಣ್ಣದ ಮುಖ ಫ್ರೇಮು ತುಂಬಿದರೆ ಅದನ್ನು ಬೂದು ಮಾಡಲು ಹೊರಡುತ್ತದೆ, ಹಿಂದೆ ಕಿಟಕಿ ಇದ್ದರೆ ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಮ್ಯಾನುಯಲ್ಲಿಗೆ ಹಾಕಿ, ಬೆಳಕಿನ ಮಟ್ಟವನ್ನು 0ಯಿಂದ 100ರವರೆಗೆ ತೋರಿಸುವ ವೇವ್‌ಫಾರ್ಮ್ ನೋಡಿ. ಗಾಢ ಚರ್ಮಕ್ಕೆ ಮುಖದ ಬೆಳಗಿದ ಭಾಗ ಸುಮಾರು 35ರಿಂದ 50ರೊಳಗೆ ಸಹಜವಾಗಿ ಕಾಣುತ್ತದೆ, ಅದನ್ನು 65ಕ್ಕೆ ಎತ್ತಿದರೆ ಬಣ್ಣವೇ ಹೋಗುತ್ತದೆ. ಬೆಳಕಿನ ಪ್ರಮಾಣಕ್ಕಿಂತ ಅದರ ಗಾತ್ರ ಮುಖ್ಯ: ದೊಡ್ಡ ಮೃದು ಮೂಲವನ್ನು ಪಕ್ಕಕ್ಕೆ ಇಟ್ಟರೆ ಕೆನ್ನೆ, ಹಣೆಯ ಮೇಲೆ ಅದರ ಪ್ರತಿಬಿಂಬ ಹರಡಿ ಆಕಾರ ಮೂಡುತ್ತದೆ. ಹೊಳಪನ್ನು ಪೌಡರ್ ಹಾಕಿ ಪೂರ್ತಿ ಒರೆಸಿದರೆ ಮುಖ ಚಪ್ಪಟೆ. ಒಂದೇ ಫ್ರೇಮಿನಲ್ಲಿ ತಿಳಿ ಬಣ್ಣದವರೂ ಇದ್ದರೆ ಅವರ ಕಡೆಯ ಬೆಳಕನ್ನು ನೆಟ್ ಹಾಕಿ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ ಇಳಿಸಿ. ಹಳೆಯ ಬಣ್ಣದ ಫುಟೇಜಿನಲ್ಲಿ ಮುಖ ಮುಳುಗಿದ್ದರೆ ಬಣ್ಣ ತಿದ್ದುವ ಗ್ರೇಡಿಂಗಿನಲ್ಲಿ ಎತ್ತಲು ಹೋಗುವ ಮುಂಚೆ ಮೂಲ ನೆಗೆಟಿವ್ ಎಲ್ಲಿದೆ ಎಂದು ಕೇಳಿ. ಪ್ರಿಂಟಿನಲ್ಲಿ ಇಲ್ಲದ ವಿವರ ಅದರಲ್ಲಿ ಎಷ್ಟೋ ಸಲ ಇರುತ್ತದೆ.

ಕೊನೆಗೆ ಹಕ್ಕುಗಳು, ಚಿತ್ರಗಳು ಸಾಯುವುದು ಇಲ್ಲೇ. ‘ಐಸ್ ಆನ್ ದ ಪ್ರೈಜ್’ 1987 ಮತ್ತು 1990ರಲ್ಲಿ ಒಟ್ಟು 14 ಕಂತುಗಳಾಗಿ ಬಂತು. ಆರ್ಕೈವ್ ಮತ್ತು ಹಾಡುಗಳ ಪರವಾನಗಿಯನ್ನು ಸೀಮಿತ ಅವಧಿಗೆ ಕೊಂಡಿದ್ದರಿಂದ 1990ರ ದಶಕದಲ್ಲಿ ಅವಧಿ ಮುಗಿದು ಸರಣಿ ಪ್ರಸಾರದಿಂದಲೇ ಮಾಯವಾಯಿತು. ಪ್ರತಿಷ್ಠಾನಗಳ ಹಣದಿಂದ ಮತ್ತೆ ಹಕ್ಕು ಪಡೆದು ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ ಮರಳಿದ್ದು 2006ರಲ್ಲಿ. ಬೆಲೆ ಕೇಳುವಾಗಲೇ ಮೂರು ವಿಷಯ ಬರಹದಲ್ಲಿರಲಿ: ಯಾವ ಮಾಧ್ಯಮ, ಯಾವ ದೇಶಗಳು, ಎಷ್ಟು ವರ್ಷ. ಎಲ್ಲ ಮಾಧ್ಯಮ, ಎಲ್ಲ ದೇಶ, ಶಾಶ್ವತ ಎಂಬ ದರವನ್ನೂ ಚಿತ್ರೋತ್ಸವಕ್ಕಷ್ಟೇ ಎಂಬ ದರವನ್ನೂ ಒಟ್ಟಿಗೇ ಪಡೆಯಿರಿ, ಮುಂದೆ ಏರಿಸಿಕೊಳ್ಳುವ ದರವನ್ನು ಆಗಲೇ ಗಟ್ಟಿ ಮಾಡಿಕೊಳ್ಳಿ. ಚಿತ್ರ ಪ್ರಶಸ್ತಿ ಗೆದ್ದ ಮೇಲೆ ಕೇಳಿದರೆ ದರ ಬೇರೆ. ಹಾಡಿಗೆ ಎರಡು ಹಕ್ಕು, ರಚನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಅಮೆರಿಕದಲ್ಲಿ ಫೇರ್ ಯೂಸ್, ಅಂದರೆ ಅನುಮತಿ ಪಡೆಯದೆ ನ್ಯಾಯವಾಗಿ ಬಳಸುವುದರ ಕುರಿತು ಸಾಕ್ಷ್ಯಚಿತ್ರಕಾರರೇ 2005ರಲ್ಲಿ ಮಾಡಿಕೊಂಡ ರೂಢಿಸಂಹಿತೆಯಿದೆ. ಫುಟೇಜನ್ನು ವಿಮರ್ಶಿಸಲು ಬಳಸಿದರೆ ಅದು ನಿಲ್ಲುತ್ತದೆ, ವಾತಾವರಣ ತುಂಬಲು ಬಳಸಿದರೆ ನಿಲ್ಲುವುದು ಕಷ್ಟ.

ಮಾತಾಡಿದವರ ಒಪ್ಪಿಗೆ ಪತ್ರವನ್ನು ಚಿತ್ರದ ಮಟ್ಟಿಗೆ ಮಾತ್ರ ಬರೆಸಿಕೊಳ್ಳಬೇಡಿ. ಹ್ಯಾಂಪ್ಟನ್ ತಂಡದ ಸಂದರ್ಶನಗಳು ಇಡಿಯಾಗಿ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿವೆ, ತೆರೆಯ ಮೇಲೆ ಬಾರದ ಮಾತುಗಳನ್ನೂ ಈಗ ಓದಬಹುದು. ಹಾಗಾಗಬೇಕಾದರೆ ಪೂರ್ಣ ಕಚ್ಚಾ ಸಂದರ್ಶನವನ್ನು ಆರ್ಕೈವಿಗೆ ಕೊಡಲು ಅನುಮತಿ, ಮಾತಾಡಿದವರ ಮನೆಗೆ ಒಂದು ಪ್ರತಿ, ಬೇಡವೆನಿಸಿದ ಭಾಗವನ್ನು ಇಂತಿಷ್ಟು ವರ್ಷ ಮುಚ್ಚಿಡುವ ಹಕ್ಕು, ಈ ಮೂರೂ ಮೊದಲ ದಿನದ ಕಾಗದದಲ್ಲೇ ಇರಬೇಕು. ಆಮೇಲೆ ಸೇರಿಸಲು ಹೊರಟರೆ ಸಹಿ ಮಾಡಬೇಕಾದವರು ತೀರಿಹೋಗಿರುತ್ತಾರೆ, ಮೂರು ದೇಶಗಳಲ್ಲಿ ಚದುರಿದ ವಾರಸುದಾರರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಒಪ್ಪಿಸಬೇಕಾಗುತ್ತದೆ.